ಕ್ಷಯ ಗುಣವಾದ ಮೇಲೆ

ಕೊಡಗಿನಲ್ಲಿ ಕಕ್ಕಡ ಮಾಸವೆಂದರೆ ಎಡೆಬಿಡದ ಮಳೆ. ಕಿಟಕಿ ಬಾಗಿಲುಗಳನ್ನು ಮುಚ್ಚಿ ಒಲೆಯ ಬಳಿ ಕುಳಿತುಕೊಳ್ಳುವ ಕಾಲ. ಹದಿನೆಂಟನೆಯ ದಿನ ಮದ್ದುಸೊಪ್ಪಿನ ಪಾಯಸ ಉಂಡು ಮೈಗೆ ಬಲ ಬಂದಿತೆಂದು ನಂಬುವ ಕಾಲ. ಕಾಫಿತೋಟದ ಲೈನ್ ಮನೆಗಳಲ್ಲಿ ಒಂದೇ ಕೋಣೆಯಲ್ಲಿ ಐದಾರು ಮಂದಿ ಮಲಗುವಾಗ ಒಬ್ಬನ ಕೆಮ್ಮು ಎಲ್ಲರ ಕೆಮ್ಮು. ಇಂಥಲ್ಲಿ ಹಿಂದೊಮ್ಮೆ ಕ್ಷಯದಿಂದ ನರಳಿ ಗುಣಹೊಂದಿದವನು ಮತ್ತೆ ಕೆಮ್ಮತೊಡಗಿದರೆ, “ಅವನಿಗೆ ಬಂದು ಹೋಗಿದೆ, ಇನ್ನು ಬಾರದು” ಎನ್ನುವವರುಂಟು. ಸಿಡುಬಿನ ವಿಷಯದಲ್ಲಿ ಈ ಮಾತು ಬಹುಮಟ್ಟಿಗೆ ಸರಿಯಾಗಿತ್ತು. ಕ್ಷಯದ ವಿಷಯದಲ್ಲಿ ಅದು ತಪ್ಪು; ಪ್ರಾಣಕ್ಕೆ ಎರವಾಗಬಲ್ಲ ತಪ್ಪು.

1882ರಲ್ಲಿ ರಾಬರ್ಟ್ ಕಾಖ್ ಲೋಕಕ್ಕೆ ತೋರಿಸಿಕೊಟ್ಟ ಕ್ಷಯಾಣು ಶ್ವಾಸಕೋಶವನ್ನು ಹೊಕ್ಕಾಗ ಅಲ್ಲಿನ ಭಕ್ಷಕ ಕಣಗಳು ಅದನ್ನು ನುಂಗುತ್ತವೆ. ನುಂಗಿದರೂ ಎಷ್ಟೋ ವೇಳೆ ಅರಗಿಸಲಾರವು! ರೋಗಾಣು ಆ ಕಣದೊಳಗೇ ಬೀಡುಬಿಡುತ್ತದೆ. ಆಗ ರಕ್ತದ ಟಿ ಕಣಗಳು ಮೊದಲಾದವು ಸುತ್ತ ನೆರೆದು ಒಂದು ಗಂಟನ್ನು ಕಟ್ಟುತ್ತವೆ. ಕೊಡಗಿನ ಹಿರಿಯರು ಶತ್ರುವನ್ನು ತಡೆಯಲು ತೋಡಿದ ಕಡಂಗಗಳನ್ನು ವಾಚಕರು ಬಲ್ಲರು. ಈ ಗಂಟೂ ಒಂದು ಬಗೆಯ ಕಡಂಗವೇ. ವ್ಯತ್ಯಾಸವಿಷ್ಟೆ: ಇಲ್ಲಿ ಶತ್ರುವಿರುವುದು ಒಳಗೆ. ಸೋಂಕು ತಗಲಿದ ನೂರರಲ್ಲಿ 90ರಿಂದ 95 ಮಂದಿಗೆ ಜೀವಮಾನವಿಡೀ ರೋಗ ತಲೆದೋರುವುದಿಲ್ಲ.

ಈ ಬಲದಲ್ಲಿ ದೇಹದೇಹಕ್ಕೂ ಎಷ್ಟು ಅಂತರ! 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳ ಜನರನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ವ್ಯವಸ್ಥಿತ ಚಿಕಿತ್ಸೆ ಆ ಹಳ್ಳಿಗಳನ್ನು ಇನ್ನೂ ಮುಟ್ಟಿರಲಿಲ್ಲ. ಕಫದಲ್ಲಿ ರೋಗಾಣುವಿದ್ದವರ ಪೈಕಿ 5 ವರ್ಷಗಳಲ್ಲಿ ನೂರಕ್ಕೆ 49 ಮಂದಿ ತೀರಿಕೊಂಡರು. 18 ಮಂದಿಯ ಕಫದಲ್ಲಿ ರೋಗಾಣು ಉಳಿದೇ ಇತ್ತು. 33 ಮಂದಿಯ ಕಫ ಶುದ್ಧವಾಯಿತು.

ಹಾಗೆ ಗೆದ್ದ ದೇಹ ಮುಂದಿನ ಯುದ್ಧಕ್ಕೆ ಸಜ್ಜಾಗಿರಬೇಡವೆ? ಟಿ ಕಣಗಳಿಗೆ ನೆನಪೇನೋ ಉಂಟು. ಟ್ಯುಬರ್ಕ್ಯುಲಿನ್ ಚುಚ್ಚಿದಲ್ಲಿ ತೋಳು ಕೆಂಪೇರಿ ಉಬ್ಬುವುದು ಆ ನೆನಪಿನಿಂದಲೇ. ಆದರೆ ನೆನಪು ಬೇರೆ, ರಕ್ಷಣೆ ಬೇರೆ. ಹೋರಾಟದ ಉರಿಯೇ ಶ್ವಾಸಕೋಶದಲ್ಲಿ ಕಲೆಗಳನ್ನೂ ಕುಳಿಗಳನ್ನೂ ಉಳಿಸಿರಬಹುದು. ಇದಲ್ಲದೆ, ಔಷಧ ಮುಗಿದ ಅನಂತರವೂ ರೋಗಿಗಳ ರಕ್ತಕಣಗಳಲ್ಲಿ ರಕ್ಷಣೆಗೆ ಬೇಕಾದ ಕೆಲವು ವಂಶವಾಹಿಗಳ ಮೇಲೆ ಮೀಥೈಲ್ ಎಂಬ ರಾಸಾಯನಿಕ ಬೀಗ ಬಿದ್ದಿರುವುದನ್ನು ಈಚಿನ ಸಂಶೋಧಕರು ಕಂಡಿದ್ದಾರೆ. ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ, ಗುಣವಾದವರಿಗೆ ಹೊಸ ಸೋಂಕಿನಿಂದ ಪುನಃ ಕ್ಷಯ ಬರುವ ಪ್ರಮಾಣವು ಮೊದಲ ಬಾರಿಗೆ ಕ್ಷಯ ಬರುವ ಪ್ರಮಾಣದ ನಾಲ್ಕರಷ್ಟೆಂದು 2005ರಲ್ಲಿ ಪ್ರಕಟವಾಯಿತು. ರೋಗವು ದೇಹವನ್ನು ಕೆಡಿಸಿತೋ, ಮೊದಲೇ ದುರ್ಬಲವಾದ ದೇಹಕ್ಕೆ ಎರಡು ಸಲವೂ ರೋಗ ತಗಲಿತೋ, ಅದೇ ಇಕ್ಕಟ್ಟಿನ ಮನೆಗೆ ಮರಳಿದ್ದೇ ಕಾರಣವೋ? ಮೂರೂ ಸೇರಿರಬೇಕೆಂದು ನಮ್ಮ ಊಹೆ.

ಎರಡನೆಯ ಸಲದ ರೋಗವನ್ನು ಗುರುತಿಸುವುದೂ ಸುಲಭವಲ್ಲ. ಟ್ಯುಬರ್ಕ್ಯುಲಿನ್ ಉಬ್ಬು ಮೊದಲೇ ಇದೆ. ಕ್ಷ-ಕಿರಣದ ಚಿತ್ರದಲ್ಲಿ ಹಳೆಯ ಕಲೆ ಇದೆ. ಶೀಘ್ರವಾಗಿ ಫಲ ಹೇಳುವ ವಂಶವಾಹಿ ಪರೀಕ್ಷೆಯು ಸತ್ತ ರೋಗಾಣುವನ್ನೂ ತೋರಿಸಬಲ್ಲದು. ಕಫದಲ್ಲಿ ಜೀವಂತ ರೋಗಾಣು ಬೆಳೆಯುವುದೇ ಎಂದು ಪ್ರಯೋಗಶಾಲೆಯಲ್ಲಿ ವಾರಗಟ್ಟಲೆ ಕಾದು ನೋಡಬೇಕಾಗುತ್ತದೆ. ಚಿಕಿತ್ಸೆ ಮುಗಿದವರನ್ನು 2 ವರ್ಷಗಳ ಕಾಲ 6 ತಿಂಗಳಿಗೊಮ್ಮೆ ವಿಚಾರಿಸಬೇಕೆಂದು ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ವಿಧಿಸಿದೆ. ಆದರೆ ಕಾಫಿಯ ಕೊಯ್ಲು ಮುಗಿದೊಡನೆ ಗಂಟುಮೂಟೆ ಕಟ್ಟಿ ಬೇರೆ ತೋಟಕ್ಕೆ ಹೊರಡುವ ಕೂಲಿಗಾರನನ್ನು ಹುಡುಕುವವರಾರು? ಚಿಕಿತ್ಸೆಯ ಚೀಟಿಯನ್ನು ಅವನು ಹೊಸ ಊರಿನ ಆರೋಗ್ಯ ಕೇಂದ್ರದಲ್ಲಿ ತೋರಿಸಬೇಕು. ಮೇಸ್ತ್ರಿಗೆ ತಿಳಿದರೆ ಕೆಲಸ ತಪ್ಪೀತೆಂದು ಹೆದರಿ ಅದನ್ನು ಬಟ್ಟೆಯ ಗಂಟಿನಡಿಯಲ್ಲಿ ಬಚ್ಚಿಡುವವರೂ ಇದ್ದಾರು.