ಜಿಜಾಯಿಯ ಕುಪ್ಪಸಕ್ಕೆ ನಾಲ್ಕು ಕೈ

ಪುಣೆಯ ಪ್ರಭಾತ್ ರಸ್ತೆಗೆ ಆ ಹೆಸರು ಬಂದದ್ದು ಒಂದು ಸಿನಿಮಾ ಕಂಪನಿಯಿಂದ. 1929ರಲ್ಲಿ ಕೊಲ್ಹಾಪುರದಲ್ಲಿ ಶುರುವಾದ ಪ್ರಭಾತ್ ಫಿಲ್ಮ್ ಕಂಪನಿ 1933ರಲ್ಲಿ ಪುಣೆಗೆ ಬಂದು ನೆಲೆಯೂರಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ವಿ. ಶಾಂತಾರಾಮ್ ಎಳೆಯ ವಯಸ್ಸಿನಲ್ಲಿ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರು. ಸಿನಿಮಾದ ಮೊದಲ ಪಾಠಗಳನ್ನು ಆ ಊರಿನ ಚಿತ್ರಮಂದಿರದಲ್ಲೇ ಕಲಿತವರು. ಪ್ರಭಾತ್‌ನ ಅಂಗಳದಲ್ಲಿ 1960ರಿಂದ ಫಿಲ್ಮ್ ಇನ್‌ಸ್ಟಿಟ್ಯೂಟ್ ನಡೆಯುತ್ತಿದೆ. ನಮ್ಮ ಗಿರೀಶ ಕಾಸರವಳ್ಳಿ ಓದಿದ್ದು ಅಲ್ಲಿ, ಗಿರೀಶ ಕಾರ್ನಾಡರು ನಿರ್ದೇಶಕರಾಗಿದ್ದದ್ದೂ ಅಲ್ಲಿಯೇ. ಆ ಇನ್‌ಸ್ಟಿಟ್ಯೂಟ್ ಇರುವ ಲಾ ಕಾಲೇಜ್ ರಸ್ತೆಯಲ್ಲೇ 1964ರಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವೂ ಇದೆ.

ಸಿನಿಮಾದ ನೆನಪು ಇಷ್ಟು ದಟ್ಟವಾಗಿರುವ ಊರಿನಲ್ಲಿ ತೆರೆಯ ಮೇಲಿನ ಪಾತ್ರದ ಉಡುಪನ್ನು ಮನೆಯಲ್ಲೇ ಹೊಲಿದು ತೊಡುವ ಹವ್ಯಾಸ ಬೆಳೆದಿರುವುದು ಸಹಜ. ಕಾಲೇಜು ಹುಡುಗರು ಫೋಮ್ ಶೀಟು ಕತ್ತರಿಸಿ ಹಾಲಿವುಡ್ ವೀರರ ಕವಚ ಮಾಡುತ್ತಾರೆ. 2015ರಲ್ಲಿ 'ಬಾಜಿರಾವ್ ಮಸ್ತಾನಿ' ಚಿತ್ರ ಬಂದ ಮೇಲೆ ಅದರ ಕಾಶೀಬಾಯಿಯ ಸೀರೆಯನ್ನು ಹೋಲುವ, ಹೊಲಿದು ಸಿದ್ಧಪಡಿಸಿದ ಒಂಬತ್ತು ಗಜದ ಸೀರೆಗಳಿಗೆ ಬೇಡಿಕೆ ಬಂತು. ನನಗೂ ನನ್ನ ಗೆಳತಿಗೂ ಆಸೆ ಹುಟ್ಟಿದ್ದು ಇವರೆಲ್ಲರಿಗಿಂತ ಬಡವಳಾದ ಒಬ್ಬಳ ಮೇಲೆ. ಪ್ರಭಾತ್‌ನವರೇ 1936ರಲ್ಲಿ ತೆಗೆದ 'ಸಂತ ತುಕಾರಾಮ್' ಚಿತ್ರದ ಜಿಜಾಯಿ ಆಕೆ.

ಪಾತ್ರವೇ ಅಳತೆ

ವಿಷ್ಣುಪಂತ ದಾಮ್ಲೆ ಮತ್ತು ಶೇಖ್ ಫತ್ತೇಲಾಲ್ ನಿರ್ದೇಶಿಸಿದ ಈ ಚಿತ್ರ 1937ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. ತುಕಾರಾಮರಾಗಿ ವಿಷ್ಣುಪಂತ ಪಾಗ್ನಿಸ್, ಹೆಂಡತಿ ಜಿಜಾಯಿಯಾಗಿ ಗೌರಿ. ಗಂಡ ವಿಠ್ಠಲನ ಧ್ಯಾನದಲ್ಲಿ ಮೈಮರೆತರೆ ಮಕ್ಕಳ ಹೊಟ್ಟೆಯ ಚಿಂತೆ ಇವಳದು. ತಾಳ್ಮೆ ತಪ್ಪಿದಾಗ ಕೈಯಲ್ಲಿ ಕೆರ ಹಿಡಿದು ದೇವರನ್ನೇ ಗದರಿಸಲು ಗುಡಿಗೆ ನುಗ್ಗುವವಳು. ಬಗ್ಗುವ, ಎತ್ತುವ, ಓಡುವ, ಕೈ ಬೀಸಿ ಜಗಳವಾಡುವ ಹೆಂಗಸು. ಅವಳ ಉಡುಪನ್ನು ಹೊಲಿಯುವವರು ಎದೆ, ಸೊಂಟ, ತೋಳುಗಳ ಸುತ್ತಳತೆಯ ಜೊತೆಗೆ ಈ ಚಲನೆಗಳನ್ನೂ ಅಳೆದುಕೊಳ್ಳಬೇಕು.

ಅದಕ್ಕೆ ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಸೆರಗು ಎಲ್ಲಿ ಸಿಕ್ಕಿಸಿದೆ, ತೋಳು ಮೊಣಕೈಗಿಂತ ಎಷ್ಟು ಮೇಲೆ ನಿಂತಿದೆ, ಸೀರೆ ಮೀನಖಂಡದ ಯಾವ ಮಟ್ಟಕ್ಕೆ ಬರುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಒಬ್ಬರು ನೋಡಿ ಹೇಳಿದರೆ ಇನ್ನೊಬ್ಬರು ಕಾಗದದ ಮೇಲೆ ಗೀಚುವುದು ಅನುಕೂಲ. ಒಂದೇ ದೃಶ್ಯದಲ್ಲಿ ಇಬ್ಬರಿಗೆ ಬೇರೆ ಬೇರೆ ಸಂಗತಿ ಕಾಣುತ್ತದೆ. ಆ ವ್ಯತ್ಯಾಸವೇ ಈ ಕೆಲಸಕ್ಕೆ ಬಂಡವಾಳ.

ಕಪ್ಪು-ಬಿಳುಪು ಚಿತ್ರದಲ್ಲಿ ಬಣ್ಣ ತಿಳಿಯುವುದಿಲ್ಲ. ಕೆಂಪೂ ಕಡುಹಸಿರೂ ಹೆಚ್ಚುಕಡಿಮೆ ಒಂದೇ ಬೂದಾಗಿ ಕಾಣಬಹುದು. ಇದಕ್ಕೆ ಸುಲಭದ ದಾರಿಯೊಂದಿದೆ. ಅಂಗಡಿಯಲ್ಲಿ ಬಟ್ಟೆಗಳನ್ನು ಸಾಲಾಗಿ ಹರವಿಸಿ, ಫೋನಿನ ಕ್ಯಾಮೆರಾವನ್ನು ಕಪ್ಪು-ಬಿಳುಪಿಗೆ ತಿರುಗಿಸಿ, ಚಿತ್ರದ ಸ್ಟಿಲ್ ಪಕ್ಕದಲ್ಲಿಟ್ಟು ನೋಡುವುದು. ಅಸಲು ಬಣ್ಣ ಸಿಗದಿದ್ದರೂ ನೆರಳು-ಬೆಳಕಿನ ಹೊಂದಾಣಿಕೆ ಸಿಗುತ್ತದೆ. ಉಳಿದದ್ದಕ್ಕೆ ಜಿಜಾಯಿಯ ಸೀಮೆಯ ಹೆಂಗಸರು ಏನು ಉಡುತ್ತಿದ್ದರು ಎಂಬ ತಿಳಿವಳಿಕೆಯೇ ಆಧಾರ.

ಲಕ್ಷ್ಮಿ ರಸ್ತೆಯಿಂದ ತುಳಶೀಬಾಗಿಗೆ

ಲಕ್ಷ್ಮಿ ರಸ್ತೆಯ ಸೀರೆ ಅಂಗಡಿಗೆ ಹೋದ ಕನ್ನಡದವರಿಗೆ ತವರಿನ ಅರಿವೆ ಎದುರಾಗುತ್ತದೆ. ಇಲ್ಲಿ 'ಇರಕಲ್' ಎನ್ನುವುದು ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯನ್ನೇ. ಪುಣೆಯ ಹೆಂಗಸರು ಇಷ್ಟಪಟ್ಟು ಕೊಳ್ಳುವ ಖಣವೂ ಅದೇ ಜಿಲ್ಲೆಯ ಗುಳೇದಗುಡ್ಡದ ಮಗ್ಗದ ಹೆಸರು ಹೊತ್ತದ್ದು. ಜಿಜಾಯಿಗೆ ಹತ್ತಿಯ ಒಂಬತ್ತು ಗಜದ ಸೀರೆ, ಅಂದರೆ ಸುಮಾರು 8.2 ಮೀಟರು, ಜೊತೆಗೆ ಒಂದು ಖಣ ಸಾಕು. ಖಣ ಅಗಲ ಕಡಿಮೆಯ ಬಟ್ಟೆ. ಒಂದು ಖಣಕ್ಕೆ ಒಂದು ಕುಪ್ಪಸ ಎಂಬುದು ಹಿಂದಿನಿಂದ ಬಂದ ಲೆಕ್ಕ. ಅಂಚು ತೋಳಿನ ತುದಿಗೆ ಬರುವಂತೆ ಮೊದಲೇ ಯೋಚಿಸಿ ಕತ್ತರಿ ಹಾಕಬೇಕು. ದಾರ, ಲೇಸು, ಮಣಿಗಳಿಗೆ ರವಿವಾರ ಪೇಟೆ. ಹಸಿರು ಗಾಜಿನ ಬಳೆ, ಕರಿಮಣಿಗೆ ತುಳಶೀಬಾಗು. ಇವೆಲ್ಲ ನಡೆದೇ ಮುಗಿಸಬಹುದಾದಷ್ಟು ಹತ್ತಿರದಲ್ಲಿವೆ.

ತಂದ ಬಟ್ಟೆಯನ್ನು ಮೊದಲು ನೀರಿಗೆ ಹಾಕಿ ಒಣಗಿಸಬೇಕು. ಹತ್ತಿ ಕುಗ್ಗುವುದು ಕತ್ತರಿಸುವ ಮೊದಲೇ ಕುಗ್ಗಿಬಿಡಲಿ.

ಹಳೆಯ ಕುಪ್ಪಸದ ಜಾಣತನ

ಈಗಿನ ಬ್ಲೌಸು ಟಕ್ಸು, ಹುಕ್ಕುಗಳಿಂದ ಮೈಗೆ ಕೂರುತ್ತದೆ. ಹಳೆಯ ಕುಪ್ಪಸಕ್ಕೆ ಹುಕ್ಕಿಲ್ಲ. ಮುಂದಿನ ಎರಡು ತುದಿಗಳನ್ನು ಗಂಟು ಹಾಕುವುದು. ಅದರ ನಿಜವಾದ ಜಾಣತನ ಇರುವುದು ಕಂಕುಳಲ್ಲಿ. ಅಲ್ಲಿ ಒಂದು ಸಣ್ಣ ಚೌಕ ತುಂಡನ್ನು ಮೂಲೆ ಕೆಳಗೆ ಬರುವಂತೆ ಕೂರಿಸುತ್ತಾರೆ. ತೋಳೆತ್ತಿದಾಗ ಆ ಚೌಕ ಅರಳಿ ಜಾಗ ಕೊಡುವುದರಿಂದ ಕುಪ್ಪಸ ಮೇಲೇರುವುದಿಲ್ಲ. ಬೀಸುವ, ಕುಟ್ಟುವ, ನೀರು ಸೇದುವ ಕೈಗಳಿಗಾಗಿ ನಮ್ಮ ಹಿರಿಯರು ಕಂಡುಕೊಂಡ ಉಪಾಯ ಇದು. ಅದನ್ನು ಬಿಟ್ಟು ಇಂದಿನ ಕಟಿಂಗಿನಲ್ಲಿ ಹೊಲಿದರೆ ಹೊರಗಿನಿಂದ ಜಿಜಾಯಿಯಂತೆ ಕಂಡರೂ ಅವಳಂತೆ ಕೈ ಬೀಸಲು ಆಗುವುದಿಲ್ಲ.

ಖಣಕ್ಕೆ ಕತ್ತರಿ ಹಾಕುವ ಮೊದಲು ಹಳೆ ಹೊದಿಕೆಯ ಅರಿವೆಯಲ್ಲಿ ಕಚ್ಚಾ ಹೊಲಿಗೆಯ ಮಾದರಿಯೊಂದನ್ನು ಮಾಡುವುದು ಒಳ್ಳೆಯದು. ಗೆಳತಿಯ ಅಗತ್ಯ ಪೂರ್ತಿಯಾಗಿ ಮನವರಿಕೆಯಾಗುವುದು ಈ ಹಂತದಲ್ಲಿ. ತನ್ನ ಬೆನ್ನಿಗೆ ತಾನೇ ಪಿನ್ನು ಹಾಕಿಕೊಳ್ಳಲು ಯಾರಿಗೂ ಬಾರದು. ವಿಜಯಪುರ ಕಡೆಯ ನನ್ನ ಗೆಳತಿ ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಅಪ್ಪಣೆ ಕೊಡುತ್ತಿದ್ದಳು: "ಅಕ್ಕಾ, ಕೈ ಮ್ಯಾಲೆತ್ರಿ. ಈಗ ಬಗ್ಗಿ ರೊಟ್ಟಿ ಬಡದಂಗ ಮಾಡ್ರಿ. ಬೆನ್ನಾಗ ಜಗ್ಗತೈತೇನು?" ಜಗ್ಗಿದ ಕಡೆ ಚಾಕಿನ ಗೆರೆ, ಸಡಿಲಾದ ಕಡೆ ಪಿನ್ನು. ತೊಟ್ಟವಳಿಗೆ ತಿಳಿಯುವುದು ಹಿತ. ನೋಡುವವಳಿಗೆ ತಿಳಿಯುವುದು ಆಕಾರ. ಎರಡೂ ಒಂದೇ ಕಡೆ ಕೂಡಿದಾಗಲೇ ಫಿಟಿಂಗ್ ಸರಿಹೋಗುತ್ತದೆ.

ಸೀರೆಯನ್ನು ಪುಣೆಯ ಟೇಲರುಗಳು ಮಾಡುವಂತೆ ಪೈಜಾಮದ ಹಾಗೆ ಹೊಲಿದಿಡಲೂಬಹುದು. ರಂಗದ ಮೇಲೆ ಬೇಗ ಬೇಗ ಬದಲಿಸುವವರಿಗೂ ಮಕ್ಕಳಿಗೂ ಅದೇ ಸರಿ. ಸಮಯವಿದ್ದವರು ಇಡೀ ಸೀರೆಯನ್ನೇ ಕಚ್ಚೆ ಹಾಕಿ ಉಡಲಿ. ಆಗ ಮಾತ್ರ ಕೂತೆದ್ದಂತೆ ಮಡಿಕೆಗಳು ಬದಲಾಗಿ, ಉಡುಪಿಗೆ ಜೀವ ಬರುತ್ತದೆ.

ಹಳತು ಮಾಡುವುದೂ ಕಲೆ

ಹೊಸ ಬಟ್ಟೆಯ ಹೊಳಪು ಜಿಜಾಯಿಗೆ ಒಗ್ಗದು. ಮತ್ತೆ ಮತ್ತೆ ಒಗೆದು ಗಂಜಿ ಬಿಡಿಸಬೇಕು. ಚಹಾದ ಡಿಕಾಕ್ಷನ್ನಿನಲ್ಲಿ ನೆನೆಸಿದರೆ ಬಿಳಿ ಭಾಗ ಮಾಸಿದ ಬಣ್ಣಕ್ಕೆ ತಿರುಗುತ್ತದೆ. ಅಂಚನ್ನೂ ಮೊಣಕಾಲು ತಾಗುವ ಜಾಗವನ್ನೂ ಮರಳು ಕಾಗದದಿಂದ ಮೆಲ್ಲಗೆ ಉಜ್ಜಿದರೆ ಎಳೆ ಸವೆಯುತ್ತದೆ. ಎಲ್ಲ ಕಡೆ ಒಂದೇ ಸಮ ಉಜ್ಜಬಾರದು. ಬಾಳುವೆಯಲ್ಲಿ ಬಟ್ಟೆ ಸವೆಯುವುದು ಕೆಲಸ ಮುಟ್ಟುವ ಕಡೆ. ತೇಪೆ ಹಾಕಿದ್ದು ನಮ್ಮದೇ ಆಯ್ಕೆ. ಉತ್ತರ ಕರ್ನಾಟಕದ ಅಜ್ಜಿಯರು ಕೌದಿಗೆ ಹಾಕುವ ಉದ್ದುದ್ದ ಕೈಹೊಲಿಗೆಯನ್ನೇ ಅದಕ್ಕೂ ಹಾಕಿದೆವು.

ಸಾದಾ ಉಡುಪಿನ ಹಿಂದಿನ ದುಡಿಮೆಗೆ ಜಗತ್ತು ತಲೆಬಾಗಿದ್ದೂ ಉಂಟು. ಕೊಲ್ಹಾಪುರದಲ್ಲಿ ಹುಟ್ಟಿದ ಭಾನು ಅಥಯ್ಯ ಜಾನ್ ಮೊಲ್ಲೊ ಅವರೊಡನೆ 'ಗಾಂಧಿ' ಚಿತ್ರದ ವಸ್ತ್ರವಿನ್ಯಾಸಕ್ಕೆ 1983ರಲ್ಲಿ ಆಸ್ಕರ್ ಪಡೆದರು. ಭಾರತಕ್ಕೆ ಬಂದ ಮೊದಲ ಆಸ್ಕರ್ ಅದು. ಆ ಚಿತ್ರದ ನಾಯಕ ಉಡುವುದು ಒಂದು ತುಂಡು ಖಾದಿ.

ಜೊತೆಗೂಡಿ ಹೊಲಿಯುವ ಈ ಪರಿಪಾಠಕ್ಕೆ ದೂರದಲ್ಲೂ ಒಂದು ಹಿರಿಯ ಉದಾಹರಣೆ ಇದೆ. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವಿಜ್ಞಾನ ಕಥಾ ಸಮ್ಮೇಳನಕ್ಕೆ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಾಸ್ ಎಂಬ ಸ್ನೇಹಿತರು ಭವಿಷ್ಯದ ಮನುಷ್ಯರ ವೇಷದಲ್ಲಿ ಬಂದರು. 'ಥಿಂಗ್ಸ್ ಟು ಕಮ್' ಚಿತ್ರದಿಂದ ಪ್ರೇರಣೆ ಪಡೆದ ಆ ಉಡುಪುಗಳನ್ನು ಇಬ್ಬರಿಗೂ ಹೊಲಿದವರು ಮರ್ಟಲ್. ಪಾತ್ರಗಳ ವೇಷ ತೊಡುವ ಇಂದಿನ ಕಾಸ್‌ಪ್ಲೇ ಹವ್ಯಾಸಕ್ಕೆ ಇದೇ ಮೊದಲ ಹೆಜ್ಜೆಯೆಂದು ಹಲವರು ಗುರುತಿಸುತ್ತಾರೆ. ಆ ಚಿತ್ರವೂ 1936ರದೇ, ನಮ್ಮ 'ಸಂತ ತುಕಾರಾಮ್' ಬಂದ ವರ್ಷದ್ದು.

ಡಿಸೆಂಬರ್ ಹತ್ತಿರವಾದರೆ ಇಲ್ಲಿನ ಶಾಲೆಗಳಲ್ಲಿ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಶುರು. ಮಕ್ಕಳಿಗೆ ಬಾಡಿಗೆಯ ಮಿರಮಿರ ವೇಷ ತರುವ ಮೊದಲು ಎರಡು ಮನೆಯವರು ಒಂದು ಭಾನುವಾರ ಕೂಡಿ ಕೂರಬಹುದು. ರಾಜ-ರಾಣಿಯರೇ ಆಗಬೇಕೆಂದಿಲ್ಲ, ಮೈಮುರಿದು ದುಡಿಯುವ ಒಂದು ಪಾತ್ರವನ್ನು ಆರಿಸಿಕೊಳ್ಳಿ. ಮಕ್ಕಳೊಡನೆ ಚಿತ್ರ ನೋಡಿ, ಅವಳ ಕೈ ಎಲ್ಲೆಲ್ಲಿ ಚಾಚುತ್ತದೆ ಎಂದು ಅವರನ್ನೇ ಕೇಳಿ, ಅಳತೆ ಟೇಪಿನ ಒಂದು ತುದಿಯನ್ನು ಅವರ ಕೈಗೆ ಕೊಡಿ. ಹೀಗೆ ಹೊಲಿದ ಉಡುಪು ತೊಟ್ಟ ಮಗುವಿಗೆ ಆ ಪಾತ್ರದ ಮಾತಿನ ಜೊತೆಗೆ ಅವಳ ದುಡಿಮೆಯೂ ಗೊತ್ತಿರುತ್ತದೆ.