ತಿರುಗುವ ಬೆಕ್ಕು ಮತ್ತೆ ಮನೆಗೆ ಒಗ್ಗಲಿ

"ಮೂರು ದಿನ ಆತು ನೋಡ್ರಿ ವೈನಿ, ನಮ್ಮ ಬೆಕ್ಕು ಮನಿಗೇ ಬಂದಿಲ್ಲ. ಆಚೆ ಓಣ್ಯಾಗ ಯಾರದೋ ಮಾಳಿಗಿ ಮ್ಯಾಲ ಕೂತದಂತ!"

ಆಳಂದ, ಅಫಜಲಪುರ, ಜೇವರ್ಗಿಯ ಓಣಿಗಳಲ್ಲಿ ಇಂಥ ಮಾತು ಹೊಸದಲ್ಲ. ಇಲ್ಲಿನ ಹಳೆಯ ಮನೆಗಳ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಂದನ್ನು ಹತ್ತಿದ ಬೆಕ್ಕು ನೆಲಕ್ಕೆ ಕಾಲಿಡದೆ ಹತ್ತು ಮನೆ ದಾಟುತ್ತದೆ. ಬೆಳಕಿಂಡಿ ತೆರೆದಿದ್ದರಂತೂ ಯಾರ ಅಡುಗೆಮನೆಗಾದರೂ ನೇರ ದಾರಿ! ಹಾಗಂತ 'ಹೋದ್ರೆ ಹೋಗ್ಲಿ' ಎಂದು ಕೈಬಿಡಬೇಡಿ. ಅದು ಯಾಕೆ ಹೊರಗೆ ಉಳಿಯುತ್ತಿದೆ ಎಂದು ಮೊದಲು ಗಮನಿಸಿ.

ಗಂಡುಬೆಕ್ಕಾದರೆ ಕಾರಣ ಹುಡುಕುವುದೇ ಬೇಡ. ಆರು ತಿಂಗಳು ದಾಟುತ್ತಿದ್ದಂತೆ ಅದು ಹೆಣ್ಣನ್ನು ಅರಸಿ ಓಣಿ ಓಣಿ ಅಲೆಯುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ತಿರುಗಾಟ ಬಹಳ ಮಟ್ಟಿಗೆ ತಗ್ಗುತ್ತದೆ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಅಲ್ಲಿ ಆಗದಿದ್ದರೆ ಎಲ್ಲಿ ಮಾಡಿಸಬಹುದೆಂದು ವೈದ್ಯರೇ ಹೇಳುತ್ತಾರೆ. "ಅಯ್ಯೋ, ಪಾಪ ಅಲ್ವಾ?" ಅನ್ನುವವರಿದ್ದಾರೆ. ಕಾದಾಡಿ ಕಿವಿ ಹರಿದುಕೊಂಡು, ಗಾಯದಲ್ಲಿ ಕೀವು ತುಂಬಿಕೊಂಡು ಬರುವುದು ಅದಕ್ಕಿಂತ ಪಾಪವಲ್ಲವೇ? ಹೆಣ್ಣುಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅಂತಾರಲ್ಲ, ಅದು ಶಾಸ್ತ್ರವೇನೂ ಅಲ್ಲ. ಜಾಗ ಸುರಕ್ಷಿತವಲ್ಲ ಅನ್ನಿಸಿದಾಗಲೆಲ್ಲ ಮರಿಗಳನ್ನು ಕಚ್ಚಿಕೊಂಡು ಬೇರೆಡೆ ಹೋಗುತ್ತದೆ, ಅಷ್ಟೆ. ಮಕ್ಕಳು ಗಳಿಗೆಗೊಮ್ಮೆ ಮರಿ ಎತ್ತದಂತೆ ನೋಡಿಕೊಂಡು, ಕತ್ತಲೆಯ ಮೂಲೆಯಲ್ಲೊಂದು ರಟ್ಟಿನ ಡಬ್ಬಿ ಇಟ್ಟು ನೋಡಿ.

ಇನ್ನೊಂದು ಕಾರಣ ಹೇಳಲು ಸ್ವಲ್ಪ ಮುಜುಗರ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೊಟ್ಟೆಯೂ ಒಳಗೆ ಬರುವುದಿಲ್ಲ. ಬೆಕ್ಕಿಗೂ ಹಾಲು, ರೊಟ್ಟಿಯೇ ಗತಿ. ಆದರೆ ಬೆಕ್ಕು ಹುಟ್ಟು ಮಾಂಸಾಹಾರಿ. ಮಾಂಸದಲ್ಲಿರುವ ಟಾರಿನ್ ಎಂಬ ಅಂಶ ಬಹುಕಾಲ ಸಿಗದಿದ್ದರೆ ಅದರ ಕಣ್ಣು ಹೋಗಬಹುದು, ಹೃದಯ ಕೆಡಬಹುದು. ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಅರಗುವುದೂ ಇಲ್ಲ, ಭೇದಿಯಾಗುತ್ತದೆ. ಮೀನು ಬೇಯಿಸುವ ಮನೆ ಹುಡುಕಿಕೊಂಡು ಹೋದರೆ ಅದರ ತಪ್ಪೇನು? ಅಂಗಡಿಯ ಬೆಕ್ಕಿನ ಒಣ ಆಹಾರವನ್ನು ವರಾಂಡದಲ್ಲಿ, ಬೇರೆ ತಟ್ಟೆಯಲ್ಲಿ ಹಾಕಬಹುದು. ಅಡುಗೆಮನೆಯ ಮಡಿಗೇನೂ ಭಂಗವಿಲ್ಲ. ಎದುರುಮನೆಯವರ ಹತ್ತಿರ ಜಗಳಕ್ಕೆ ಹೋಗದೆ, "ಅಕ್ಕಾ, ಸ್ವಲ್ಪ ದಿನ ಇದಕ್ಕೇನೂ ಹಾಕಬ್ಯಾಡ್ರಿ" ಎಂದು ಕೇಳಿಕೊಳ್ಳಿ.

ಭೀಮಾ ದಂಡೆಯವರ ಕಷ್ಟ ಇನ್ನೊಂದು ಬಗೆ. 2020ರ ಅಕ್ಟೋಬರ್‌ನಲ್ಲಿ ನದಿ ಉಕ್ಕಿದಾಗ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎಷ್ಟೋ ಹಳ್ಳಿಯವರು ಮನೆ ಬಿಟ್ಟು ಕಾಳಜಿ ಕೇಂದ್ರ ಸೇರಬೇಕಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಅದೇ ಪಾಡು. ಮಕ್ಕಳು, ಕಾಗದಪತ್ರ, ದನಕರು ಅನ್ನುವಷ್ಟರಲ್ಲಿ ಬೆಕ್ಕಿನ ನೆನಪು ಯಾರಿಗಿರುತ್ತದೆ? ನೀರು ಇಳಿದ ಮೇಲೆ ಬಂದ ಬೆಕ್ಕು ಹೊಸ್ತಿಲ ಬಳಿ ನಿಂತು ಮೂಸಿ ಹಿಂದಕ್ಕೆ ಓಡಿದರೆ ಬೇಜಾರಾಗಬೇಡಿ. ಬೆಕ್ಕು ಮನೆಯನ್ನು ಕಣ್ಣಿಗಿಂತ ಹೆಚ್ಚಾಗಿ ಮೂಗಿನಿಂದ ಗುರುತಿಸುತ್ತದೆ. ಕೆನ್ನೆಯನ್ನು ಬಾಗಿಲಿಗೆ, ಮಂಚದ ಕಾಲಿಗೆ ಉಜ್ಜಿ ತನ್ನ ವಾಸನೆ ಬಿಟ್ಟಿರುತ್ತದೆ. ಕೆಸರು ಅದನ್ನೆಲ್ಲ ಅಳಿಸಿರುತ್ತದೆ. ಅದರ ಮೇಲೆ ನಾವು ಬಕೆಟ್ ಬಕೆಟ್ ಫಿನಾಯಿಲ್ ಸುರಿಯುತ್ತೇವೆ! ನೀರಿಗೆ ಹಾಕಿದರೆ ಬೆಳ್ಳಗಾಗುವ ಕಪ್ಪು ಫಿನಾಯಿಲ್ ಬೆಕ್ಕಿಗೆ ವಿಷ. ಪಂಜಕ್ಕೆ ಅಂಟಿದ್ದನ್ನು ನೆಕ್ಕಿದರೂ ಅಪಾಯ. ಸೋಪಿನ ನೀರಲ್ಲಿ ತೊಳೆದು, ಚೆನ್ನಾಗಿ ನೀರು ಹಾಕಿ ಒಣಗಿಸಿ.

ಮುಂದೆ ಮಾಡಬೇಕಾದದ್ದು, ನೆರೆಯಿಂದ ಬಂದ ಬೆಕ್ಕಾಗಲಿ, ಬಾಡಿಗೆ ಮನೆ ಬದಲಿಸಿದಾಗ ತಂದ ಬೆಕ್ಕಾಗಲಿ, ಒಂದೇ. ಗದ್ದಲವಿಲ್ಲದ ಒಂದು ಕೋಣೆ ಸಾಕು. ನೀವು ಉಟ್ಟು ಬಿಟ್ಟ ಹತ್ತಿ ಸೀರೆಯನ್ನು ಒಗೆಯದೆ ಅಲ್ಲಿ ಹಾಸಿ. ಒಂದು ಮೂಲೆಗೆ ನೀರು, ಇನ್ನೊಂದು ಮೂಲೆಗೆ ಅಗಲವಾದ ಬುಟ್ಟಿಯಲ್ಲಿ ಒಣ ಮರಳು. ಎರಡನ್ನೂ ಹತ್ತಿರ ಇಡಬೇಡಿ, ಬೆಕ್ಕಿಗೆ ಅದು ಹಿಡಿಸದು. ಎರಡು ಮೂರು ವಾರ ಹೊರಗೆ ಬಿಡದೆ ದಿನಾ ಅದೇ ಹೊತ್ತಿಗೆ, ತಟ್ಟೆಯನ್ನು ಚಮಚದಿಂದ ಟಣ್ ಟಣ್ ಬಡಿದು ಊಟ ಹಾಕಿ. ಆ ಸದ್ದೇ ಮುಂದೆ ನಿಮ್ಮ ಕರೆಗಂಟೆ. ಹಿಡಿದೆಳೆದು ಮುದ್ದು ಮಾಡುವ ಆತುರ ಬೇಡ, ಅದಾಗಿ ಬಂದು ಕಾಲಿಗೆ ಉಜ್ಜುವವರೆಗೂ ಸುಮ್ಮನೆ ಹತ್ತಿರ ಕೂತು ಸೊಪ್ಪು ಸೋಸಿಕೊಳ್ಳಿ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ತಗಡಿನ ಕೋಣೆಯಲ್ಲಿ ಮಾತ್ರ ಕೂಡಿಹಾಕಬೇಡಿ. ಪರಸಿಕಲ್ಲಿನ ತಂಪು ನೆಲವಿದ್ದರೆ ಅದೇ ಒಳ್ಳೆಯದು.

ಈ ದಿನಗಳಲ್ಲಿ ತೊಗರಿ ಚೀಲಗಳ ಸಂದಿಯಲ್ಲಿ ಇಲಿಪಾಷಾಣ ಇಟ್ಟಿದ್ದರೆ ತೆಗೆಸಿ. ವಿಷ ತಿಂದ ಇಲಿಯನ್ನು ತಿಂದು ಬೆಕ್ಕು ಸಾಯುವುದುಂಟು. ಮೈ ಬಿಸಿಯಾಗಿದೆಯೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಒಂದೇ ಗುಳಿಗೆ ಅದರ ಜೀವ ತೆಗೆಯಬಹುದು.

ಹೊರಗಿದ್ದು ಬಂದ ಬೆಕ್ಕು ಪರಚಿದರೆ, ಕಚ್ಚಿದರೆ ಸುಣ್ಣ, ಅರಿಶಿನ ಮೆತ್ತದೆ ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಬಗ್ಗೆ ಕೇಳಿ. ಬೆಕ್ಕಿಗೂ ಮೂರು ತಿಂಗಳಾದ ಮೇಲೆ ಆ ಲಸಿಕೆ ಹಾಕಿಸಬಹುದು.

ಇಷ್ಟಾದ ಮೇಲೆ ಮೊದಲ ಸಲ ಹೊರಗೆ ಬಿಡುವುದು ಹೊಟ್ಟೆ ತುಂಬಿದಾಗಲ್ಲ, ಊಟದ ಹೊತ್ತಿಗೆ ಅರ್ಧ ಗಂಟೆ ಮುಂಚೆ. ಬಾಗಿಲು ತೆರೆದಿಟ್ಟು ನೀವೂ ಅಂಗಳದಲ್ಲೇ ಇರಿ. ಹೊತ್ತಾಗುತ್ತಿದ್ದಂತೆ ತಟ್ಟೆ ಬಡಿಯಿರಿ.