ಗಾಡಿ ನಂಬರಿನ ಶುರುವಿನಲ್ಲೇ ಊರಿದೆ

ಎಲೆಕ್ಟ್ರಾನಿಕ್ ಸಿಟಿ ಆರ್‌ಟಿಒ ಕೊಡುವ ನಂಬರು ಶುರುವಾಗೋದು ಕೆಎ 51ರಿಂದ. ವೈಟ್‌ಫೀಲ್ಡ್ ಹಾದಿಯ ಕೆ.ಆರ್. ಪುರದ್ದು ಕೆಎ 53. ಪೀಣ್ಯ ದಾಟಿ ತುಮಕೂರು ರಸ್ತೆ ಹಿಡಿದರೆ ನೆಲಮಂಗಲ, ಅದು ಕೆಎ 52.

ಕಂಪನಿಯ ಪಾರ್ಕಿಂಗ್ ಪಟ್ಟಿಯಲ್ಲಿ ಸಾವಿರಾರು ನಂಬರುಗಳಿವೆ ಅಂದ್ಕೊಳ್ಳಿ. 51 ಮತ್ತು 53ರ ಗಾಡಿಗಳನ್ನಷ್ಟೇ ಆರಿಸಬೇಕು. ಪೈಥಾನ್‌ನಲ್ಲಿ ಸ್ಟ್ರಿಂಗ್‌ನ ಶುರು ನೋಡುವ ಸ್ಟಾರ್ಟ್ಸ್‌ವಿತ್‌ಗೆ ಎರಡೂ ಪ್ರಿಫಿಕ್ಸ್‌ಗಳನ್ನು ಒಂದೇ ಟ್ಯೂಪಲ್‌ನಲ್ಲಿ ಕೊಡಿ. ಯಾವುದು ಹೊಂದಿದರೂ ಟ್ರೂ ಬರುತ್ತೆ. ಲಿಸ್ಟ್ ಕೊಟ್ಟರೆ ಮಾತ್ರ ಟೈಪ್‌ಎರರ್. ಜಾವಾಸ್ಕ್ರಿಪ್ಟ್‌ನಲ್ಲಿ ಅದು ಒಂದು ಸಲಕ್ಕೆ ಒಂದೇ ಪ್ರಿಫಿಕ್ಸ್ ನೋಡುತ್ತೆ, ಹಾಗಾಗಿ ಪ್ರಿಫಿಕ್ಸ್‌ಗಳ ಅರೇ ಮೇಲೆ 'ಸಮ್' ಓಡಿಸಿ.

ನಿಜವಾದ ಅಪಾಯ ಬೇರೆ ಕಡೆ ಇದೆ. ಪ್ರಿಫಿಕ್ಸ್ ಪಟ್ಟಿಯನ್ನು ಕಾಮಾದಲ್ಲಿ ಸ್ಪ್ಲಿಟ್ ಮಾಡಿದ್ದೀರಿ, ಕೊನೆಯಲ್ಲಿ ಒಂದು ಕಾಮಾ ಹೆಚ್ಚಿಗೆ ಉಳಿದಿದೆ. ಅಲ್ಲಿಗೆ ಒಂದು ಖಾಲಿ ಸ್ಟ್ರಿಂಗ್ ಸೇರಿಕೊಂಡಿತು. ಯಾವ ಸ್ಟ್ರಿಂಗ್ ಆದರೂ ಖಾಲಿ ಸ್ಟ್ರಿಂಗ್‌ನಿಂದಲೇ ಶುರುವಾಗುತ್ತೆ ಅನ್ನೋದು ಭಾಷೆಯ ಲೆಕ್ಕ. ಎರರ್ ಬರಲ್ಲ, ಎಚ್ಚರಿಕೆಯೂ ಬರಲ್ಲ, ಪಟ್ಟಿಯ ಎಲ್ಲ ಗಾಡಿಗೂ ಟ್ರೂ! ಮೈಸೂರಿನ ಕೆಎ 09 ಕೂಡ ಒಳಗೆ. ಬರೀ 'ಕೆಎ 5' ಅಂತ ಮೊಟಕು ಮಾಡಿದರೂ ಯಲಹಂಕದ 50, ನೆಲಮಂಗಲದ 52 ನುಗ್ಗಿಬಿಡುತ್ತವೆ.

ಜನ ಟೈಪ್ ಮಾಡೋದೂ ಒಂದೇ ಥರ ಇರಲ್ಲ. ಒಬ್ಬರದು ಸಣ್ಣಕ್ಷರ, ಇನ್ನೊಬ್ಬರು ಹೈಫನ್ ಹಾಕ್ತಾರೆ, ಮತ್ತೊಬ್ಬರದ್ದು ಶುರುವಿನಲ್ಲೇ ಸ್ಪೇಸ್. ಆದ್ದರಿಂದ ನಂಬರು, ಪ್ರಿಫಿಕ್ಸ್ ಎರಡರಲ್ಲೂ ಸ್ಪೇಸ್, ಹೈಫನ್ ತೆಗೆಯಿರಿ, ದೊಡ್ಡಕ್ಷರಕ್ಕೆ ತಿರುಗಿಸಿ, ಖಾಲಿ ಪ್ರಿಫಿಕ್ಸ್ ಇದ್ದರೆ ಕಿತ್ತುಹಾಕಿ. ಆಮೇಲಷ್ಟೇ ಸ್ಟಾರ್ಟ್ಸ್‌ವಿತ್ ಬರೆಯಿರಿ.